ತುಕ್ಕಾನಟ್ಟಿಗೆ ಕೊಟ್ಟ ಲ್ಯಾಪ್‌ಟಾಪ್

ಗೋಕಾಕದಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಹುಕ್ಕೇರಿ ಕಡೆ ಓದು ಮುಗಿಸಿದ ಹುಡುಗರು ಬಿಟ್ಟುಕೊಡುವ ಹಳೆಯ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ, ಹೆತ್ತವರಿಂದ ದೂರವಾಗಿ ಬೇರೆಯವರ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕೊಡುತ್ತೇನೆ. ದತ್ತು ಹೋದ ಮಕ್ಕಳಲ್ಲ ಇವರು. ಸರಕಾರ ಒಪ್ಪಿದ ಮನೆಯೊಂದರಲ್ಲಿ ಸ್ವಲ್ಪ ಕಾಲ ಇರಲು ಬಂದವರು. ಆ ಸ್ವಲ್ಪ ಕಾಲ ಎಷ್ಟೆಂದು ಮಕ್ಕಳಿಗೂ ಗೊತ್ತಿರುವುದಿಲ್ಲ, ಸಾಕುವವರಿಗೂ.

ತುಕ್ಕಾನಟ್ಟಿಯ ಒಂದು ಒಕ್ಕಲುತನದ ಮನೆಗೆ ಹಾಗೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಗೆ ಲ್ಯಾಪ್‌ಟಾಪ್ ಕೊಡಲು ಹೋದೆ. ಇಂಟರ್‌ನೆಟ್‌ಗೆಂದು ಡೋಂಗಲ್ಲನ್ನೂ ಒಯ್ದಿದ್ದೆ. ಅವಳನ್ನು ಸಾಕುತ್ತಿದ್ದ ಹೆಂಗಸು, ಹುಡುಗಿ 'ಕಾಕೂ' ಎಂದು ಕರೆಯುತ್ತಿದ್ದಾಕೆ, ಎರಡನ್ನೂ ಮುಟ್ಟಲೇ ಇಲ್ಲ.

"ಪುಕ್ಕಟೆ ಯಾಕ ಕೊಡಾಕತ್ತೀರಿ? ಇದರಾಗ ನಿಮಗೇನ ಸಿಗತೈತಿ?"

"ಏನೂ ಇಲ್ರಿ" ಎಂದೆ. ಆ ಉತ್ತರದಿಂದ ಆಕೆಯ ಹುಬ್ಬು ಇನ್ನಷ್ಟು ಗಂಟಿಕ್ಕಿತು. ಹುಡುಗಿಯ ಕೈಗೇ ಕೊಟ್ಟು ಬಂದೆ.

ಈ ಮಕ್ಕಳಿಗೆಂದು ಸಂಜೆ ನಾನು ಮಾಡುವ ಆನ್‌ಲೈನ್ ಪಾಠಕ್ಕೆ ಹುಡುಗಿ ಶುರುವಿಗೆ ಬಂದಳು, ಆಮೇಲೆ ಇಲ್ಲ. ಫೋನ್ ಮಾಡಿದರೆ ಕಾಕೂ "ನೆಟ್‌ವರ್ಕ್ ಇಲ್ರಿ" ಎಂದು ಕಟ್ ಮಾಡಿಬಿಡುತ್ತಿದ್ದಳು. ಈಗ ನನಗೂ ಅನುಮಾನ ಹತ್ತಿತು. ಲ್ಯಾಪ್‌ಟಾಪ್ ಮಾರಿಬಿಟ್ಟರೇ? ಹುಡುಗಿಯನ್ನು ಹೊಲದ ಕೆಲಸಕ್ಕೆ ಹಚ್ಚಿದರೇ? ಒಂದು ಭಾನುವಾರ ಹೇಳದೆ ಕೇಳದೆ ಸ್ಕೂಟಿ ಹತ್ತಿ ಹೋದೆ.

ಹುಡುಗಿ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದ್ದರು. ನಾನು ಮಾತಾಡಿಸುತ್ತಲೇ ಏಟಿನ ಗುರುತೇನಾದರೂ ಇದೆಯೇ ಎಂದು ಕಳ್ಳಗಣ್ಣಿನಿಂದ ಅವಳ ಕೈಕಾಲು ನೋಡಿದೆ. ಕಾಕೂ ಸೆರಗು ಸಿಕ್ಕಿಸಿಕೊಳ್ಳುತ್ತ ಹೊರಬಂದಳು.

"ಲ್ಯಾಪ್‌ಟಾಪ್ ಎಲ್ಲೈತ್ರಿ?"

"ಕೌದಿ ಸುತ್ತಿ ಟ್ರಂಕಿನಾಗ ಇಟ್ಟೇನಿ. ಬೇಕಂದ್ರ ಒಯ್ರಿ."

"ಯಾಕ್ರಿ? ಹುಡುಗಿ ಪಾಠ ತಪ್ಪಾಕತ್ತಾವಲ್ಲ!"

"ಮ್ಯಾಲಿನ ಅಂಚಿನಾಗ ಅದರ ಕಣ್ಣು ಐತಲ್ರಿ ಅಕ್ಕಾರ, ನನಗ ಕಾಣೂದಿಲ್ಲೇನು? ನಾವು ಏನ ಉಣಸ್ತೀವಿ, ಹೆಂಗ ಬೈತೀವಿ, ಎಲ್ಲಾ ಮಕ್ಕಳನ್ನ ಕಳಸೂ ಸರಕಾರಿ ಆಫೀಸಿನವರಿಗೆ ತೋರಸಾಕ ತಂದಿಟ್ಟೀರಿ."

ಕ್ಯಾಮೆರಾದ ಮಾತು ಅದು. ನಾನು ನಗುವವಳಿದ್ದೆ. ಅಷ್ಟರಲ್ಲಿ ಹುಡುಗಿ ಮೆಲ್ಲಗೆ, "ನನಗಿಂತ ಮೊದಲ ಇಲ್ಲಿ ಒಂದು ಸಣ್ಣ ಹುಡುಗಿ ಇತ್ರಿ" ಎಂದಳು.

ಆಮೇಲೆ ಕಾಕೂ ಹೇಳಿದಳು. ಆ ಮಗು ಆಕೆಯ ಮಗ್ಗುಲಲ್ಲೇ ಮಲಗುತ್ತಿತ್ತಂತೆ. ಒಂದು ದಿನ ಮಗುವನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿರೆಂದು ಆ ಆಫೀಸಿನಿಂದ ಫೋನ್ ಬಂತು. ಈಕೆ ಹೊಸ ಫ್ರಾಕ್ ತೊಡಿಸಿ, ಕುಣಿಸಿ ತೋರಿಸಿದಳು. ಆ ಕಡೆ ಕೂತಿದ್ದವರು ಮಗುವಿನ ಸಂಬಂಧಿಕರು. ಕೆಲವೇ ದಿನಗಳಲ್ಲಿ ಬಂದು ಕರೆದುಕೊಂಡು ಹೋದರು.

"ಅವರ ಕೂಸು, ಅವರು ಒಯ್ದ್ರು, ಖರೆ ಐತಿ. ಆದ್ರ ತೋರಿಸಿದಾಕಿ ನಾನ ಅಲ್ರಿ?"

ಲ್ಯಾಪ್‌ಟಾಪ್ ತರಿಸಿ, ಆಕೆಯ ಎದುರೇ ಪರದೆಯ ಅಂಚು ಬಿಚ್ಚಿ, ಕ್ಯಾಮೆರಾವನ್ನೇ ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ಆಕೆ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು.

"ಇನ್ನೊಂದ ಎಲ್ಲೂ ಇಲ್ಲಲ್ಲ?"

ಮರುದಿನ ಹುಡುಗಿ ಪಾಠಕ್ಕೆ ಬಂದಳು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಹಿಂದಿನಿಂದ ಕಾಕೂ "ಈಗ ಮಾತಾಡಿದಾಂವ ಯಾರು? ಯಾವ ಊರಾಂವ?" ಎಂದು ಕೇಳುವುದೂ ಎಲ್ಲರಿಗೂ ಕೇಳಿಸುತ್ತಿತ್ತು. ಹುಡುಗಿ ಈಗ ಹತ್ತನೆಯ ತರಗತಿಯಲ್ಲಿ, ಅದೇ ಮನೆಯಲ್ಲೇ ಇದ್ದಾಳೆ. ಲೆಕ್ಕದಲ್ಲಿ ಉಳಿದವರಿಗಿಂತ ಮುಂದಿದ್ದಾಳೆ.

ಇತ್ತೀಚೆಗೆ ಕಲ್ಲೋಳಿಯಲ್ಲಿ ಇಂಥದೇ ಒಂದು ಮನೆಯವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಕಾಕೂಗೆ ಫೋನ್ ಹಚ್ಚಿ ಆ ಮನೆಯಾಕೆಯ ಕೈಗೆ ಕೊಟ್ಟೆ. ನನ್ನ ಪರವಾಗಿ ಒಳ್ಳೆಯ ಮಾತು ಹೇಳುತ್ತಾಳೆಂದು ನಂಬಿದ್ದೆ.

"ಪೂರಾ ನಂಬಬ್ಯಾಡ್ರಿ," ಎಂದು ಆ ಕಡೆಯಿಂದ ಜೋರಾಗಿ ಕೇಳಿಸಿತು. "ಮೊದಲ ಬಿಚ್ಚಿ ತೋರಸಾಕ ಹೇಳ್ರಿ. ಆಮ್ಯಾಲ ಇಸ್ಕೋರಿ. ಮಕ್ಕಳು ಕಲೀತಾವ."