ಐದಿಂಚಿನ ತಾರಸಿ

ಕಳೆದ ವಾರ ಬೆಹಾಲಾದ ನಮ್ಮ ಮನೆಯಲ್ಲಿ ಪೈಪ್ ಇಳಿಸಲೆಂದು ಪ್ಲಂಬರ್ ತಾರಸಿ ಕೊರೆದಾಗ ಹಳೆಯ ಸಿಮೆಂಟಿನ ಧೂಳು ಮೂಗಿಗೆ ಬಡಿಯಿತು. ಎದುರುಮನೆ ಮಾಮನ ಅಂಗಿಗೆ ಸದಾ ಅದೇ ವಾಸನೆ...

ಮಾಮ ಮೈಸೂರಿನ ಕಡೆಯವರು, ಸರ್ಕಾರಿ ಇಂಜಿನಿಯರು. ನಮ್ಮ ಗಲ್ಲಿಯಲ್ಲಿ ಕನ್ನಡದ ಮನೆಗಳು ಎರಡೇ, ಅವರದೂ ನಮ್ಮದೂ. ವಾರಕ್ಕೆರಡು ದಿನ ಅವರ ಊಟ ನಮ್ಮಲ್ಲೇ. ಅಪ್ಪ ಈ ಮನೆ ಕಟ್ಟಿಸುವಾಗ ಉಸ್ತುವಾರಿಯನ್ನೂ ಅವರಿಗೇ ಬಿಟ್ಟರು.

ನಾನಾಗ ಏಳನೇ ಕ್ಲಾಸು. ಗಣಿತ ಅಂದರೆ ಹೊಟ್ಟೆನೋವು ಬರುತ್ತಿದ್ದ ನನ್ನ ಕೈಗೆ ಮಾಮ ಟೇಪು ಕೊಟ್ಟು, ಉದ್ದ, ಅಗಲ, ದಪ್ಪ ಗುಣಿಸುವುದನ್ನು ಕಲಿಸಿದರು. ಒಣ ಸಾಮಾನು ಕಲಸಿದ ಮೇಲೆ ಕುಗ್ಗುತ್ತದೆ, ಅದಕ್ಕೇ ಬಂದ ಉತ್ತರಕ್ಕೆ ಅದರ ಅರ್ಧ ಸೇರಿಸಬೇಕು ಎಂದೂ ಹೇಳಿಕೊಟ್ಟರು. ಐದಿಂಚು ದಪ್ಪದ ತಾರಸಿಗೆ ಎಷ್ಟು ಸಿಮೆಂಟು, ಮರಳು, ಜಲ್ಲಿ ಬೇಕೆಂದು ನಾನೇ ಲೆಕ್ಕ ಹಾಕಿದೆ.

"ಲೆಕ್ಕವೆಲ್ಲ ನಿಮ್ಮ ಮಗಳದ್ದೇ ಕಣ್ರೀ, ನಾನು ಬರೀ ನೋಡ್ದೆ," ಎಂದರು ಅಪ್ಪನಿಗೆ. ನಾನು ಹಿಗ್ಗಿ ಹೀರೇಕಾಯಾದೆ.

ಕಾಂಕ್ರೀಟು ಸುರಿಯುವ ದಿನ ಇಲ್ಲಿಯ ಬಂಗಾಳಿಗಳ ಪದ್ಧತಿಯಂತೆ ಕೆಲಸದವರಿಗೆಲ್ಲ ಖಿಚುಡಿ, ಸಿಹಿಗೆ ಮಿಷ್ಟಿ ಬಡಿಸುವುದಿತ್ತು. ಮಾಮ ನಮ್ಮನ್ನೆಲ್ಲ ಕೆಳಗೆ ಅಡಿಗೆಗೆ ಅಟ್ಟಿದರು. ತರಕಾರಿಯವನ ತಕ್ಕಡಿಯನ್ನೂ ನಂಬದ ಅಪ್ಪ, ಅವತ್ತು ಮೇಲೆ ಹೋಗಿ ದಪ್ಪ ಅಳೆಯಲಿಲ್ಲ. ನಮ್ಮವರ ಕೆಲಸಕ್ಕೆ ಟೇಪು ಹಿಡಿದರೆ ಅವರಿಗೆ ಅವಮಾನವಲ್ಲವೇ! ಮುಂದಿನ ತಿಂಗಳು ಮಾಮನ ಮನೆಯ ಮೇಲೊಂದು ಹೊಸ ಕೋಣೆ ಎದ್ದಿತು. ಅದರ ಪೂಜೆಗೆ ಕೋಸಂಬರಿ ಮಾಡಿಕೊಟ್ಟವಳು ನಮ್ಮಮ್ಮ...

ಕಳೆದ ವಾರ ಪ್ಲಂಬರ್ ಕೊರೆದ ಆ ತೂತಿಗೆ ಸ್ಕೇಲು ಇಳಿಸಿ ನೋಡಿದೆ. ನಾಲ್ಕಿಂಚೂ ಇರಲಿಲ್ಲ. ಇನ್ನೊಂದು ಮೂಲೆಯಲ್ಲಿ ಕೊರೆಸಿದೆ, ಅಲ್ಲೂ ಅಷ್ಟೇ. ಐದಿಂಚಿಗಾಗುವಷ್ಟು ಸಾಮಾನು ನನ್ನ ಕಣ್ಣೆದುರೇ ಲಾರಿಯಿಂದ ಇಳಿದಿತ್ತು.

ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೆ. ಮಾಮ ಎಣಿಸುತ್ತ ಕೂರಲಿಲ್ಲ, ಹೊತ್ತುಕೊಂಡೇ ಹೋದರು. ಅದಕ್ಕೆ ನನ್ನ ಲೆಕ್ಕವನ್ನೇ ಮರೆ ಮಾಡಿಕೊಂಡರು. ತಪ್ಪು ಕಲಿಸಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಸರಿಯಾಗಿಯೇ ಕಲಿಸಿದ್ದರು, ಅದರ ಬಲದಿಂದಲೇ ನಾನಿವತ್ತು ಗಣಿತದ ಟೀಚರು. ಮಾಮ ತೀರಿಕೊಂಡು ಎಷ್ಟೋ ವರ್ಷವಾಯಿತು. ಜಗಳ ಆಡೋಣವೆಂದರೂ ಜನವಿಲ್ಲ.

ಕೆಳಗಿನಿಂದ ಅಪ್ಪ ಕೂಗಿದರು. "ಐದಿಂಚಿದೆ ಅಲ್ವೇನೇ? ಮಾಮ ಮುಂದೆ ನಿಂತು ಹಾಕ್ಸಿದ್ದು. ಸುಲಭಕ್ಕೆ ಕೊರೆಯಕ್ಕಾಗಲ್ಲ ಅಂತ ಪ್ಲಂಬರ್‌ಗೆ ಹೇಳು."

"ಹೂಂ ಅಪ್ಪ, ಐದಿದೆ," ಅಂದೆ.

ಅಪ್ಪನಿಗೆ ನಾನು ತಪ್ಪು ಲೆಕ್ಕ ಕೊಟ್ಟದ್ದು ಅದೇ ಮೊದಲು.