ಮೊಳೆಬಾಯಿ ಮತ್ತು ಕಾಣೆಯಾದ ಮೊಳೆ

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನೆಂದರೆ ಆ ಬೀದಿಯವರು ಎದ್ದು ಹೋಗಿ ಒಮ್ಮೆ ನೋಡಿಯಾರು. ಮೊಳೆಬಾಯಿ ಒಂದು ಮೊಳೆ ನುಂಗಿದನೆಂದರೆ ನಂಬದೆ ತಲೆ ಕೂಡ ಎತ್ತುತ್ತಿರಲಿಲ್ಲ. ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ರೆಕ್ಸಿನ್ ಹೊದಿಸುವ ಕುಷನ್ ಕೆಲಸ ಅವನದು. ಒಂದು ಕೈ ರೆಕ್ಸಿನ್ ಎಳೆದು ಹಿಡಿಯಬೇಕು, ಇನ್ನೊಂದು ಸುತ್ತಿಗೆ ಬೀಸಬೇಕು; ಹಾಗಾಗಿ ಸಣ್ಣ ಮೊಳೆಗಳ ಉಗ್ರಾಣ ಅವನ ಬಾಯಿಯೇ ಆಗಿತ್ತು. ಒಂದು ಹಿಡಿ ಒಳಗೆ ಹಾಕಿಕೊಂಡರೆ ಸಾಕು, ನಾಲಿಗೆ ಒಂದೊಂದನ್ನೇ ತಲೆ ಮುಂದಾಗಿ ತುಟಿಗೆ ತಂದು ನಿಲ್ಲಿಸುತ್ತಿತ್ತು. ತುದಿಯಲ್ಲಿ ಅಯಸ್ಕಾಂತವಿದ್ದ ಸುತ್ತಿಗೆ ಬಂದು ಮುತ್ತಿಟ್ಟು ಎತ್ತಿಕೊಂಡು ಹೋಗುತ್ತಿತ್ತು. ಟಕ್. ಬಾಯಿತುಂಬ ಮೊಳೆ ಇಟ್ಟುಕೊಂಡೇ ಅವನು ಗಿರಾಕಿಗಳೊಡನೆ ಜಗಳವಾಡಿ ಗೆದ್ದಿದ್ದ. ಒಮ್ಮೆ ಕುಳಿತಲ್ಲೇ ಗೊರಕೆಯನ್ನೂ ಹೊಡೆದಿದ್ದ. ನಲವತ್ತು ವರ್ಷಗಳಲ್ಲಿ ಒಂದು ಮೊಳೆಯೂ ಗಂಟಲಿಳಿದಿಲ್ಲ ಎಂದು ಬೀದಿಗೆಲ್ಲ ಸಾರಿದವಳು ಅವನ ಹೆಂಡತಿ. ಅವನಂತೂ ಈ ವಿಷಯದಲ್ಲಿ ಬಾಯಿ ಬಿಟ್ಟವನೇ ಅಲ್ಲ.

ಅವಳ ಹೆಮ್ಮೆಯ ಇನ್ನೊಂದು ಆಸ್ತಿ ಹಿತ್ತಲಿನ ಕೆಂಪು ಹೇಟೆಕೋಳಿ. ತಲೆ ಓರೆ ಮಾಡಿ ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ಅಳೆಯುತ್ತಿದ್ದ ಅದಕ್ಕೆ ಜಡ್ಜಮ್ಮ ಎಂದೇ ಹೆಸರು. ಮರಿಯಾಗಿದ್ದಾಗ ಚಳಿಗೆ ಸೆಟೆದುಹೋಗಿದ್ದುದನ್ನು ಅವಳು ಮಡಿಲಲ್ಲಿಟ್ಟು ಬದುಕಿಸಿದ್ದಳು. ಆದರೆ ಜಡ್ಜಮ್ಮನ ತೀರ್ಪಿನಲ್ಲಿ ಹೊಳೆಯುವುದೆಲ್ಲ ಕಾಳು. ಅಂಗಿಯ ಗುಂಡಿ, ಗಾಜಿನ ಹರಳು, ಒಮ್ಮೆ ನಾದಿನಿಯ ಓಲೆಯ ತಿರುಪು, ಎಲ್ಲವೂ ಆ ಕೊಕ್ಕಿನೊಳಗೆ ಹೋಗಿದ್ದವು. ಅದಕ್ಕೇ ಹಿತ್ತಲಿನಲ್ಲಿ ಮೊಳೆಯ ಕೆಲಸ ಕೂಡದೆಂದು ಅವಳ ಕಟ್ಟಪ್ಪಣೆಯಿತ್ತು.

ಅಪ್ಪಣೆ ಮುರಿದದ್ದು ಕ್ಷೌರದಂಗಡಿಯವನ ಕುರ್ಚಿ. ಅದು ಮುಂಬಾಗಿಲಲ್ಲಿ ಹಿಡಿಸದೆ ಒಡೆಯನ ಜೊತೆಗೇ ಹಿತ್ತಲಿಗೆ ಬಂತು. ಮೊಳೆಬಾಯಿ ಅದರ ಹಳೆಯ ರೆಕ್ಸಿನ್ ಕಿತ್ತು, ಒಂದು ಬದಿಗೆ ಬೇಕಾದಷ್ಟೇ ಮೊಳೆಗಳನ್ನು ಎಣಿಸಿ ಬಾಯಿಗೆ ಹಾಕಿಕೊಂಡು, ಸೀಟನ್ನೊಮ್ಮೆ ಗುದ್ದಿದ. ಬೀದಿಯವರೆಲ್ಲರ ತಲೆಗೂದಲು ವರ್ಷಾನುಗಟ್ಟಲೆ ಅದರ ಸಂದಿಯಲ್ಲಿ ಸೇರಿಕೊಂಡಿತ್ತು. ಈಗ ಮೋಡವಾಗಿ ಎದ್ದು ಅವನ ಮೂಗನ್ನು ಹೊಕ್ಕಿತು. ಆಮೇಲೆ ಬಂದ ಸೀನಿಗೆ ಮೊಳೆಗಳು ಹಿತ್ತಲಿನ ಉದ್ದಗಲಕ್ಕೂ ಚಿಮ್ಮಿದವು. ಜಡ್ಜಮ್ಮ ಓಡಿಬಂದು ಏನನ್ನೋ ಕುಕ್ಕಿ ಗುಳುಂ ಎನಿಸಿತು.

ಹೆಂಡತಿ ಕೋಳಿಯನ್ನು ಎತ್ತಿಕೊಂಡಳು. ಗಂಡಸರಿಬ್ಬರೂ ಮಂಡಿಯೂರಿ ಹುಡುಕಿದರು. ಎಲ್ಲ ಸಿಕ್ಕವು, ಒಂದರ ಹೊರತು.

"ರೀ, ನೀವು ನುಂಗಿದ್ರಾ, ಇವಳು ನುಂಗಿದ್ಲಾ?"

"ಸೀನ್ತಾ ಇದ್ದೆ. ಗೊತ್ತಾಗ್ಲಿಲ್ಲ."

"ಗಂಟಲಲ್ಲಿ ಮೊಳೆ ಇಳಿದ್ರೆ ಗೊತ್ತಾಗಲ್ವಾ?"

"ಅಕ್ಕಾ, ಅಣ್ಣ ನುಂಗೋ ಆಸಾಮಿನಾ?" ಎಂದ ಕ್ಷೌರದವನು. "ಕೋಳೀನೇ. ಈಗಲೇ ಕೊಯ್ದ್ರೆ ಮೊಳೆನೂ ಸಿಗುತ್ತೆ, ಊಟಾನೂ ಆಗುತ್ತೆ."

"ಮೊದ್ಲು ನಿನ್ನ ಹೊಟ್ಟೆ ಕೊಯ್ದು ನೋಡೋಣ, ಬಾ."

ಮೊಳೆಬಾಯಿ ಸುತ್ತಿಗೆಯ ಅಯಸ್ಕಾಂತವನ್ನು ಕೋಳಿಯ ಎದೆಗೆ ಹಿಡಿದ. ಏನೂ ಅಂಟಲಿಲ್ಲ, ಜಡ್ಜಮ್ಮ ಸುತ್ತಿಗೆಯನ್ನೇ ಒಮ್ಮೆ ಕುಕ್ಕಿ ನೋಡಿತು. ಹೆಂಡತಿ ಅದನ್ನು ಕಿತ್ತುಕೊಂಡು ಗಂಡನ ಹೊಟ್ಟೆಗೆ ಹಿಡಿದಳು. ಟಕ್ಕೆಂದು ಕಚ್ಚಿಕೊಂಡಿತು.

"ಅದು ಬೆಲ್ಟಿನ ಬಕಲ್ಲು ಕಣೇ," ಎಂದ ಅವನು. "ಸುಮ್ನೆ ಕೋಳೀನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಬೇಗ."

ಪಶುವೈದ್ಯರು ಜಡ್ಜಮ್ಮನನ್ನು ಎಕ್ಸ್‌ರೇ ಕೋಣೆಗೆ ಒಯ್ದರು. ಮೊಳೆಯಿದ್ದರೆ ಅದು ಒಳಗೆ ಚುಚ್ಚಿ ಎದೆಗೇ ನಾಟಬಹುದು, ಹೊಟ್ಟೆ ಕೊಯ್ಯಬೇಕಾಗುತ್ತದೆ, ಬದುಕುವ ಭರವಸೆ ಕೊಡಲಾರೆ ಎಂದು ಹೇಳಿಯೇ ಒಯ್ದಿದ್ದರು. ಅವಳು ಒಂದು ಮುದಿನಾಯಿಯ ಪಕ್ಕ ಬೆಂಚಿನಲ್ಲಿ ಕುಳಿತು ಕೈಮುಗಿದಳು: ದೇವರೇ, ಮೊಳೆ ಜಡ್ಜಮ್ಮನ ಹೊಟ್ಟೆಯಲ್ಲಿ ಇಲ್ಲದಿರಲಿ. ಅಲ್ಲಿ ಇಲ್ಲದಿದ್ದರೆ ಮತ್ತೆಲ್ಲಿ ಇರಬೇಕಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಬೆಚ್ಚಿಬಿದ್ದು ಪ್ರಾರ್ಥನೆಯನ್ನು ತಿದ್ದಲು ಹೊರಟಳು. ಹೇಗೆ ತಿದ್ದಿದರೂ ಒಬ್ಬರಿಗೆ ಕುತ್ತು. ಮುದಿನಾಯಿ ಅವಳನ್ನು ನೋಡಿ ಮುಖ ತಿರುಗಿಸಿತು.

ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ಹೊರಬಂದರು. "ಒಂದಿಷ್ಟು ಹರಳು, ಒಂದು ಸವೆದ ತಿರುಪು. ಮೊಳೆ ಇಲ್ಲಮ್ಮ. ಗಟ್ಟಿಮುಟ್ಟಾಗಿದೆ ನಿಮ್ಮ ಕೋಳಿ."

ಅವಳು ಕೋಳಿಯನ್ನು ಅಪ್ಪಿಕೊಂಡು ಮನಸಾರೆ ಅತ್ತಳು. ಅಳು ಮುಗಿಯುವಷ್ಟರಲ್ಲಿ ಗಂಡನ ಹೊಟ್ಟೆ ನೆನಪಾಯಿತು.

"ಡಾಕ್ಟ್ರೇ, ಇದೇ ಮೆಷೀನಲ್ಲಿ ನಮ್ಮ ಯಜಮಾನ್ರನ್ನೂ ನೋಡ್ಬಹುದಾ?"

"ಅವರು ಬೊಗಳ್ತಾರಾ?"

"ಊಟ ತಡವಾದ್ರೆ."

"ಆದ್ರೂ ಆಗಲ್ಲಮ್ಮ. ದೊಡ್ಡಾಸ್ಪತ್ರೆಗೆ ಹೋಗಿ."

ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಮನೆಗೆ ಓಡಿದಳು. ಕ್ಷೌರದವನ ಕೃಪೆಯಿಂದ ಸುದ್ದಿ ಹಬ್ಬಿ ಅರ್ಧ ಬೀದಿಯೇ ಹಿತ್ತಲಿನಲ್ಲಿ ನೆರೆದಿತ್ತು. ನಡುವೆ ಮೊಳೆಬಾಯಿ ಎಂದಿನಂತೆ ತುಟಿಯಿಂದ ಮೊಳೆ ತೆಗೆದು ಕುರ್ಚಿಯ ಕೊನೆಯ ಮೂಲೆಗೆ ಬಡಿಯುತ್ತಿದ್ದ.

"ಉಗೀರಿ ಅದನ್ನೆಲ್ಲ," ಎಂದಳು. "ಕೋಳಿ ಹೊಟ್ಟೇಲಿ ಏನೂ ಇಲ್ಲ. ನಲವತ್ತು ವರ್ಷ ಒಂದೂ ನುಂಗದೋರು ಇವತ್ತು ನುಂಗಿಬಿಟ್ರಲ್ರೀ. ನಡೀರಿ ಆಸ್ಪತ್ರೆಗೆ."

ಅವನು ಉಳಿದ ಮೊಳೆಗಳನ್ನು ಅಂಗೈಗೆ ಉಗುಳಿ, ಜಡ್ಜಮ್ಮನ ತಲೆ ಸವರಿದ.

"ನನ್ನ ಗಂಟಲಲ್ಲಿ ಆಗಾಗ ಒಂದೊಂದು ಇಳಿಯುತ್ತೆ ಕಣೇ. ಮಾರನೇ ದಿನ ತಾನಾಗೇ ಹೋಗುತ್ತೆ. ಇದರ ಹೊಟ್ಟೆ ಚಿಕ್ಕದು, ಅದಕ್ಕೇ ಭಯ ಆಗಿತ್ತು."