ಡಬಲ್ ಪೆಡಲಿಗೆ ಚೀಲ ಹೊಲಿಸಿದ್ದು

ಗೆಳೆಯರೇ, ಇವತ್ತು ಡ್ರಮ್ಮಿನ ಡಬಲ್ ಪೆಡಲ್ ಹಿಡಿದು ಸಿಂದಗಿ ಬಜಾರೆಲ್ಲ ತಿರುಗಿದೆ. ಎರಡೂ ಕಾಲಿನಿಂದ ತುಳಿದು ದೊಡ್ಡ ಡ್ರಮ್ ಬಾರಿಸುವ ಸಾಧನ ಅದು. ಹೋದ ವಾರ ಬಸ್ಸಿನಲ್ಲಿ ಯಾರೋ ಅದರ ಮೇಲೆ ಕುಳಿತು ಕಂಬಿ ಬಾಗಿಸಿದ್ದರು. ರಿಪೇರಿಯೇನೋ ಆಯಿತು. ನಾಳೆ ಮುದ್ದೇಬಿಹಾಳದಲ್ಲಿ ನಮ್ಮ ಆರ್ಕೆಸ್ಟ್ರಾ ಇದೆ, ಅಷ್ಟರಲ್ಲಿ ಪೆಡಲ್ ಇಡಲು ಒಂದು ಗಟ್ಟಿ ಕೇಸ್ ಬೇಕಿತ್ತು.

ಬ್ಯಾಗಿನಂಗಡಿಯವರು ಪೆಡಲನ್ನು ತಿರುಗಿಸಿ ನೋಡಿ, "ಯಾವ ಗಾಡಿದ್ರಿ ಇದು? ಇದರಾಗ ಕ್ಲಚ್ ಯಾವುದು, ಬ್ರೇಕ್ ಯಾವುದು?" ಎಂದು ಕೇಳಿದರು.

ಕೊನೆಗೆ ಟ್ರ್ಯಾಕ್ಟರ್ ಸೀಟು ಹೊಲಿಯುವ ಮಹಬೂಬ್ ಚಾಚಾ ಅವರಲ್ಲಿಗೆ ಹೋದೆ.

"ಹೊಲಿದು ಕೊಡ್ತೇನಿ. ಮದಲ ಇದು ಹ್ಯಾಂಗ ನಡೀತೈತಿ ತೋರಸ್ರಿ" ಎಂದರು.

ಪೆಡಲನ್ನು ಖಾಲಿ ಎಣ್ಣೆ ಡಬ್ಬಕ್ಕೆ ತಾಗಿಸಿಟ್ಟು ಬಾರಿಸಿದೆ. ಚಾಚಾ ಕಣ್ಣು ಮುಚ್ಚಿ ಕೇಳಿ, "ನಿಮ್ಮ ಎಡಗಾಲು ಹಿಂದ ಬೀಳತೈತಿ ನೋಡ್ರಿ" ಎಂದರು.

"ಹದಿನೈದು ವರ್ಷದಿಂದ ಬಾರಿಸಾಕತ್ತೇನ್ರಿ, ಚಾಚಾ."

"ಏಳ್ರಿ ಸ್ವಲ್ಪ" ಎಂದು ತಾವೇ ಕುಳಿತರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಒಂದು ಏಟೂ ತಪ್ಪಲಿಲ್ಲ. ಪಕ್ಕದ ಚಹಾದಂಗಡಿಯವರೆಲ್ಲ ಎದ್ದು ಬಂದು ನಿಂತರು, ಯಾರೋ ವಿಡಿಯೊ ಕೂಡ ಮಾಡಿದರು. ನಾನು ಚಪ್ಪಾಳೆ ತಟ್ಟಲೇಬೇಕಾಯಿತು.

ಸಂಜೆಗೆ ಕೇಸ್ ಕೈಗೆ ಬಂತು. ಒಳಗೆ ದಪ್ಪ ಫೋಮ್, ಹೊರಗೆ ಕೆಂಪು ರೆಕ್ಸಿನ್, ನೋಡಲು ಭಾರೀ ಚೆಂದ.

ಈಗಷ್ಟೇ ಆರ್ಕೆಸ್ಟ್ರಾ ಮಾಲೀಕರ ಫೋನ್ ಬಂದಿತ್ತು. ವಿಡಿಯೊ ಅವರಿಗೂ ತಲುಪಿದೆ. ಕೇಸ್ ಸಿಕ್ಕಿತೇ ಎಂದು ಅವರು ಕೇಳಲಿಲ್ಲ. "ಚಾಚಾ ನಾಳೆ ಖಾಲಿ ಅದಾರೇನ್ರಿ?" ಎಂದು ಕೇಳಿದರು.